ಹೆರಿಗೆ ಭತ್ಯೆಯ ‘ಹೆಚ್ಚುವರಿ’ ಪಾವತಿ: ಮೊದಲು ಲೆಕ್ಕ, ಅನಂತರ ವಸೂಲಿ

ಕೊಟ್ಟ ಹಣವನ್ನು ಮರಳಿ ಕೇಳುವುದು ವ್ಯಾಪಾರದಲ್ಲಿ ಹೊಸದೇನಲ್ಲ. ಸರಕಿಗೆ ಹೆಚ್ಚು ಹಣ ಸಂದಾಯವಾಗಿದ್ದರೆ ಡೆಬಿಟ್ ನೋಟು ಕಳುಹಿಸಿ, ಮುಂದಿನ ಬಿಲ್ಲಿನಲ್ಲಿ ಮುರಿದುಕೊಳ್ಳುವುದು ಪೇಟೆಯ ರೂಢಿ. ಎರಡು ಅಂಗಡಿಗಳ ನಡುವೆ ಸುಸೂತ್ರವಾಗಿ ನಡೆಯುವ ಈ ಪದ್ಧತಿಯನ್ನೇ ಹೆರಿಗೆ ರಜೆಯಲ್ಲಿರುವ ಅಥವಾ ರಜೆ ಮುಗಿಸಿ ಬಂದ ಮಹಿಳಾ ನೌಕರರ ವಿಷಯದಲ್ಲೂ ಅನುಸರಿಸಲು ಹೊರಟಾಗ ತೊಡಕು ಆರಂಭವಾಗುತ್ತದೆ. ಲೆಕ್ಕ ತಪಾಸಣೆಯ ವೇಳೆ ಒಂದು ಷರಾ ಬೀಳುತ್ತದೆ. ‘ಹೆರಿಗೆ ಭತ್ಯೆ ಹೆಚ್ಚಾಗಿ ಸಂದಾಯವಾಗಿದೆ, ಕೂಡಲೇ ಮರಳಿಸತಕ್ಕದ್ದು’ ಎಂಬ ಎರಡು ಸಾಲಿನ ಪತ್ರ ಸಿದ್ಧವಾಗುತ್ತದೆ. ಉತ್ತರ ಬರುವ ಮೊದಲೇ ಮುಂದಿನ ತಿಂಗಳ ಸಂಬಳದಲ್ಲಿ ಕಡಿತವೂ ಆಗಿಬಿಡುತ್ತದೆ.

ಈ ಕ್ರಮವು ನೌಕರೆಗೆ ಎಷ್ಟು ಅನ್ಯಾಯವೋ ಉದ್ಯಮಿಗೂ ಅಷ್ಟೇ ಅಪಾಯಕಾರಿ. ಹೆರಿಗೆ ಭತ್ಯೆಯು ಮಾಲೀಕನು ಕೊಟ್ಟ ಮುಂಗಡವಲ್ಲ, ಉಪಕಾರವೂ ಅಲ್ಲ. ಅದು ಶಾಸನದತ್ತ ಹಕ್ಕು. ಆದ್ದರಿಂದ ಹೆಚ್ಚು ಸಂದಾಯವಾಗಿದೆ ಎನ್ನುವವರು ಅದನ್ನು ಮೊದಲು ಲೆಕ್ಕಸಹಿತ ತೋರಿಸಬೇಕು, ಅನಂತರ ಕೇಳಬೇಕು, ಒಪ್ಪಿಗೆಯಿಲ್ಲದೆ ಸಂಬಳಕ್ಕೆ ಕೈಹಾಕಬಾರದು. ಹೀಗೆ ನಡೆದುಕೊಂಡಲ್ಲಿ ಬಹುಪಾಲು ವಿವಾದಗಳು ಕಚೇರಿಯ ಮೇಜಿನ ಮೇಲೆಯೇ ಮುಗಿಯುತ್ತವೆ.

ಶಾಸನದ ಚೌಕಟ್ಟು

ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಈ ವಿಷಯವನ್ನು ಆಳಿದ್ದು 1961ರ ಹೆರಿಗೆ ಸೌಲಭ್ಯ ಕಾಯ್ದೆ. 2017ರ ತಿದ್ದುಪಡಿಯು ಹನ್ನೆರಡು ವಾರಗಳ ರಜೆಯನ್ನು ಇಪ್ಪತ್ತಾರು ವಾರಗಳಿಗೆ ಏರಿಸಿತು. ಇಬ್ಬರು ಅಥವಾ ಹೆಚ್ಚು ಮಕ್ಕಳು ಬದುಕಿರುವಾಗ ಹನ್ನೆರಡು ವಾರಗಳ ಮಿತಿಯನ್ನೇ ಉಳಿಸಿತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಈ ಉಪಬಂಧಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ತತ್ತ್ವ ಬದಲಾಗಿಲ್ಲ. ನಿರೀಕ್ಷಿತ ಹೆರಿಗೆಯ ದಿನದ ಹಿಂದಿನ ಹನ್ನೆರಡು ತಿಂಗಳುಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದ ಮಹಿಳೆ ಭತ್ಯೆಗೆ ಅರ್ಹಳು. ರಜೆಗೆ ಹೋಗುವ ಮುಂಚಿನ ಮೂರು ಕ್ಯಾಲೆಂಡರ್ ತಿಂಗಳುಗಳಲ್ಲಿ ದುಡಿದ ದಿನಗಳ ಸರಾಸರಿ ದಿನಗೂಲಿಯೇ ಲೆಕ್ಕದ ಆಧಾರ.

ಬದಲಾಗಿರುವುದು ‘ವೇತನ’ ಎಂಬ ಪದದ ವ್ಯಾಖ್ಯೆ. ಹಳೆಯ ಕಾಯ್ದೆಯಲ್ಲಿ ತುಟ್ಟಿಭತ್ಯೆಯ ಜೊತೆಗೆ ಮನೆ ಬಾಡಿಗೆ ಭತ್ಯೆಯೂ ಪ್ರೋತ್ಸಾಹಕ ಬೋನಸ್ಸೂ ವೇತನದಲ್ಲಿ ಸೇರುತ್ತಿದ್ದವು. ಹೆಚ್ಚುವರಿ ದುಡಿಮೆಯ ಗಳಿಕೆ ಸೇರುತ್ತಿರಲಿಲ್ಲ. ಹೊಸ ಸಂಹಿತೆಯಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆಗಳೇ ಪ್ರಧಾನ. ಮನೆ ಬಾಡಿಗೆ, ಪ್ರಯಾಣ ಭತ್ಯೆ ಮುಂತಾದವು ಹೊರಗೆ. ಆದರೆ ಹಾಗೆ ಹೊರಗಿಟ್ಟ ಬಾಬುಗಳ ಮೊತ್ತವು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟು ಭಾಗ ಮತ್ತೆ ವೇತನಕ್ಕೆ ಸೇರುತ್ತದೆ. ಹಳೆಯ ಸೂತ್ರದಂತೆ ಕೊಟ್ಟ ಭತ್ಯೆಯನ್ನು ಹೊಸ ಸೂತ್ರದಿಂದ ಅಳೆದು ‘ಹೆಚ್ಚಾಯಿತು’ ಎನ್ನುವ ಅಥವಾ ಅದಕ್ಕೆ ವಿರುದ್ಧವಾದ ತಪ್ಪುಗಳು ಈ ಸಂಧಿಕಾಲದಲ್ಲಿ ಸಹಜ. ಯಾವ ಅವಧಿಗೆ ಯಾವ ಶಾಸನ ಎಂಬುದನ್ನು ಖಚಿತಪಡಿಸಿಕೊಳ್ಳದೆ ಪತ್ರ ಬರೆಯುವುದು ಆತುರದ ಕೆಲಸವಾದೀತು.

ಹೆಚ್ಚಾದಂತೆ ಕಂಡರೂ ಹೆಚ್ಚಲ್ಲದ ಪಾವತಿಗಳು

ಸಾಮಾನ್ಯವಾಗಿ ಆಕ್ಷೇಪಕ್ಕೆ ಗುರಿಯಾಗುವ ಮೂರು ಪಾವತಿಗಳು ವಾಸ್ತವವಾಗಿ ಹೆಚ್ಚುವರಿ ಪಾವತಿಗಳೇ ಅಲ್ಲ.

ಮೊದಲನೆಯದು ಭಾನುವಾರಗಳ ಲೆಕ್ಕ. ದಿನಕ್ಕೆ 900 ರೂಪಾಯಿ ಕೂಲಿಯ ನೌಕರೆಯೊಬ್ಬಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇಪ್ಪತ್ತಾರು ವಾರಗಳೆಂದರೆ 182 ದಿನ. ಭತ್ಯೆ 1,63,800 ರೂಪಾಯಿ. ‘ಭಾನುವಾರ ಕೂಲಿಯಿಲ್ಲ, ಆದ್ದರಿಂದ 156 ದಿನಗಳಿಗೆ ಮಾತ್ರ ಭತ್ಯೆ’ ಎಂದು ಗುಮಾಸ್ತರು ಲೆಕ್ಕ ಹಾಕಿದರೆ 1,40,400 ರೂಪಾಯಿ ಬರುತ್ತದೆ. ನಡುವಣ 23,400 ರೂಪಾಯಿಯನ್ನು ಹೆಚ್ಚುವರಿ ಪಾವತಿಯೆಂದು ಬರೆದು ವಸೂಲಿಗೆ ಹೊರಟರೆ ಅದು ನೇರವಾಗಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿಗೆ ವಿರುದ್ಧ. ಬಿ. ಷಾ ವಿರುದ್ಧ ಕೊಯಮತ್ತೂರಿನ ಕಾರ್ಮಿಕ ನ್ಯಾಯಾಲಯದ ಪೀಠಾಧಿಕಾರಿ ಪ್ರಕರಣದಲ್ಲಿ, 1977ರಲ್ಲಿ, ಇದೇ ಪ್ರಶ್ನೆ ಎದ್ದಿತ್ತು. ತೋಟವೊಂದರ ಕಾರ್ಮಿಕಳಿಗೆ ಹನ್ನೆರಡು ವಾರಗಳ ಭಾನುವಾರಗಳನ್ನು ಕಳೆದು 72 ದಿನಗಳ ಹಣವನ್ನಷ್ಟೇ ಕೊಡಲಾಗಿತ್ತು. ವಾರವೆಂದರೆ ಏಳು ದಿನ, ಕೂಲಿಯಿಲ್ಲದ ಭಾನುವಾರಗಳಿಗೂ ಭತ್ಯೆ ಸಲ್ಲತಕ್ಕದ್ದು ಎಂದು ನ್ಯಾಯಾಲಯ ತೀರ್ಮಾನಿಸಿತು. ದುಡಿಯುವ ತಾಯಿ ತನ್ನ ಶಕ್ತಿಯನ್ನು ಮರಳಿ ಪಡೆದು, ಮಗುವನ್ನು ಸಾಕಿ, ಮತ್ತೆ ಕೆಲಸಕ್ಕೆ ಬರುವಂತಾಗಲಿ ಎಂಬುದು ಶಾಸನದ ಉದ್ದೇಶವಾಗಿರುವಾಗ ವಾರದಲ್ಲಿ ಒಂದು ದಿನ ಆಕೆ ಉಪವಾಸವಿರಬೇಕೆಂಬ ಅರ್ಥಕ್ಕೆ ಎಡೆಯಿಲ್ಲ.

ಎರಡನೆಯದು ಗುತ್ತಿಗೆಯ ಅವಧಿ. ರಜೆಯ ನಡುವೆ ಗುತ್ತಿಗೆ ಮುಗಿದರೆ ಅಲ್ಲಿಂದಾಚೆಗಿನ ಭತ್ಯೆ ಹೆಚ್ಚುವರಿಯೆಂಬ ವಾದವಿದೆ. ಡಾ. ಕವಿತಾ ಯಾದವ್ ಪ್ರಕರಣದಲ್ಲಿ 2023ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಾದವನ್ನು ತಳ್ಳಿಹಾಕಿತು. ಅರ್ಹತೆಯ ಷರತ್ತುಗಳನ್ನು ಪೂರೈಸಿದ ಮಹಿಳೆಗೆ ಗುತ್ತಿಗೆಯ ಅವಧಿ ಮುಗಿದ ಮೇಲೂ ಪೂರ್ಣ ಭತ್ಯೆ ಸಲ್ಲುತ್ತದೆ. ಗುತ್ತಿಗೆಯ ಮೇಲೆ ಜನರನ್ನು ನೇಮಿಸಿಕೊಳ್ಳುವ ಸಿದ್ಧ ಉಡುಪು ಘಟಕಗಳಿಗೂ ಸಣ್ಣ ಕಾರ್ಖಾನೆಗಳಿಗೂ ಈ ತೀರ್ಪು ತಿಳಿದಿರಲೇಬೇಕು.

ಮೂರನೆಯದು ರಾಜೀನಾಮೆ. ರಜೆ ಮುಗಿಸಿ ಬಂದವರು ಎರಡು ತಿಂಗಳಲ್ಲಿ ಕೆಲಸ ಬಿಟ್ಟರೆ ಮಾಲೀಕರಿಗೆ ನೋವಾಗುವುದು ಸ್ವಾಭಾವಿಕ. ‘ಆರು ತಿಂಗಳ ಸಂಬಳ ಪಡೆದು ಹೋದಳು’ ಎಂಬ ಮಾತು ಆಗ ಕೇಳಿಬರುತ್ತದೆ. ಕೆಲವರು ಮೊದಲೇ ಮುಚ್ಚಳಿಕೆ ಬರೆಸಿಕೊಂಡಿರುತ್ತಾರೆ: ರಜೆಯ ನಂತರ ಇಂತಿಷ್ಟು ಕಾಲ ದುಡಿಯದಿದ್ದರೆ ಭತ್ಯೆಯನ್ನು ಮರಳಿಸತಕ್ಕದ್ದು ಎಂದು. ಆದರೆ ಭತ್ಯೆಯು ಮುಂದೆ ಮಾಡಲಿರುವ ಕೆಲಸದ ಬೆಲೆಯಲ್ಲ; ಹಿಂದೆ ದುಡಿದು ಗಳಿಸಿದ ಅರ್ಹತೆಯ ಫಲ. ಶಾಸನಕ್ಕೆ ವಿರುದ್ಧವಾದ ಕರಾರು ನಿಲ್ಲುವುದಿಲ್ಲವೆಂದು 1961ರ ಕಾಯ್ದೆಯ 27ನೆಯ ಪ್ರಕರಣ ಸ್ಪಷ್ಟವಾಗಿ ಹೇಳಿತ್ತು; ಹೊಸ ಸಂಹಿತೆಯಲ್ಲೂ ಆ ತತ್ತ್ವ ಉಳಿದಿದೆ. ನೇಮಕಾತಿ ಪತ್ರದ ಪ್ರಕಾರ ನೋಟೀಸು ಅವಧಿಯ ಹಣ ಬರಬೇಕಾಗಿದ್ದರೆ ಅದು ಬೇರೆ ವಿಷಯ, ಬೇರೆ ಲೆಕ್ಕ. ಶಾಸನ ಹೇಳಿದ್ದಕ್ಕಿಂತ ಹೆಚ್ಚಾಗಿ ಸಂಸ್ಥೆಯು ಸ್ವಂತ ಇಚ್ಛೆಯಿಂದ ಕೊಟ್ಟ ವಾರಗಳಿಗೆ ಮಾತ್ರ ಮೊದಲೇ ತಿಳಿಸಿದ ನ್ಯಾಯವಾದ ಷರತ್ತನ್ನು ಹಾಕಲು ಅವಕಾಶವಿದೆ.

ನಿಜವಾಗಿಯೂ ಹೆಚ್ಚು ಸಂದಾಯವಾದಾಗ

ಹಾಗೆಂದು ಹೆಚ್ಚುವರಿ ಪಾವತಿಯೆಂಬುದೇ ಇಲ್ಲವೆಂದು ಅರ್ಥವಲ್ಲ. ಇ.ಎಸ್.ಐ. ವ್ಯಾಪ್ತಿಗೊಳಪಟ್ಟ ನೌಕರೆಗೆ ಭತ್ಯೆ ಕೊಡುವ ಹೊಣೆ ನಿಗಮದ್ದು. 2017ರ ಜನವರಿಯಲ್ಲಿ ಇದರ ವೇತನ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಇದನ್ನು ಗಮನಿಸದೆ ಮಾಲೀಕರೂ ಸಂಬಳ ಮುಂದುವರಿಸಿ, ನಿಗಮದಿಂದಲೂ ಹಣ ಬಂದರೆ ಒಂದೇ ಅವಧಿಗೆ ಎರಡು ಪಾವತಿಗಳಾಗುತ್ತವೆ. ಇಬ್ಬರು ಮಕ್ಕಳಿರುವ ತಾಯಿಗೆ ಹನ್ನೆರಡು ವಾರಗಳ ಬದಲು ಇಪ್ಪತ್ತಾರು ವಾರಗಳ ಭತ್ಯೆ ಹೋದರೆ ಹದಿನಾಲ್ಕು ವಾರಗಳಷ್ಟು ಹಣ ಹೆಚ್ಚಾಗಿರುತ್ತದೆ. ರಜೆಯ ಅವಧಿಯಲ್ಲಿ ಬೇರೆ ಕಡೆ ಕೆಲಸ ಮಾಡಿದ ದಿನಗಳಿಗೆ ಭತ್ಯೆ ಸಲ್ಲದೆಂದು 1961ರ ಕಾಯ್ದೆಯೇ ಹೇಳಿತ್ತು. ಎಂಬತ್ತು ದಿನಗಳ ಅರ್ಹತೆಯೇ ಇಲ್ಲದವರಿಗೆ ಹಣ ಹೋಗಿರುವುದೂ ಉಂಟು. ಆದರೆ ಲೇ-ಆಫ್ ದಿನಗಳೂ ವೇತನಸಹಿತ ರಜಾದಿನಗಳೂ ಆ ಎಂಬತ್ತರಲ್ಲಿ ಸೇರುತ್ತವೆಂಬುದನ್ನು ಮರೆತು ಹಾಜರಿ ಪುಸ್ತಕವನ್ನು ಎಣಿಸಬಾರದು.

ತಪ್ಪಿನಿಂದ ಬಂದ ಹಣವನ್ನು ಮರಳಿಸಬೇಕೆಂಬುದು 1872ರ ಭಾರತೀಯ ಕರಾರು ಕಾಯ್ದೆಯ 72ನೆಯ ಪ್ರಕರಣದ ನಿಯಮ. ಆದ್ದರಿಂದ ಉದ್ಯಮಿಯ ಬೇಡಿಕೆಗೆ ಇಲ್ಲಿ ಆಧಾರವಿದೆ. ಆದರೆ ತಪ್ಪು ಯಾರದು, ಎಷ್ಟು ಹಳೆಯದು, ಹಣ ಪಡೆದವರು ಯಾವ ನಂಬಿಕೆಯಿಂದ ಪಡೆದರು ಎಂಬ ಪ್ರಶ್ನೆಗಳನ್ನೂ ನ್ಯಾಯಾಲಯಗಳು ಕೇಳುತ್ತ ಬಂದಿವೆ. ಪಂಜಾಬ್ ರಾಜ್ಯ ವಿರುದ್ಧ ರಫೀಕ್ ಮಸೀಹ್ ಪ್ರಕರಣದಲ್ಲಿ, 2014ರ ಡಿಸೆಂಬರ್‌ನಲ್ಲಿ, ಸರ್ವೋಚ್ಚ ನ್ಯಾಯಾಲಯವು ಕೆಳದರ್ಜೆಯ ನೌಕರರಿಂದ, ನಿವೃತ್ತರಿಂದ ಮತ್ತು ಐದು ವರ್ಷಕ್ಕೂ ಮೀರಿದ ಪಾವತಿಗಳ ವಿಷಯದಲ್ಲಿ ವಸೂಲಿ ಸಲ್ಲದೆಂದಿತು. 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ, ಹೆಚ್ಚು ಬಂದರೆ ಮರಳಿಸುವೆನೆಂದು ಮುಚ್ಚಳಿಕೆ ಕೊಟ್ಟವರು ಅದಕ್ಕೆ ಬದ್ಧರೆಂದಿತು. 2022ರ ಥಾಮಸ್ ಡೇನಿಯಲ್ ಪ್ರಕರಣದಲ್ಲಿ, ನೌಕರನ ಕಡೆಯಿಂದ ವಂಚನೆಯಾಗಲಿ ಸುಳ್ಳು ಹೇಳಿಕೆಯಾಗಲಿ ಇಲ್ಲದಿರುವಾಗ ವಸೂಲಿಗೆ ತಡೆಯೊಡ್ಡಿತು. ಇವೆಲ್ಲ ಸರ್ಕಾರಿ ಮತ್ತು ಸಾರ್ವಜನಿಕ ಸೇವೆಯ ಪ್ರಕರಣಗಳು. ಖಾಸಗಿ ಉದ್ಯಮಕ್ಕೆ ನೇರವಾಗಿ ಅನ್ವಯಿಸುವುದಿಲ್ಲವೆಂದು ವಾದಿಸಬಹುದು. ಆದರೂ ಇವುಗಳ ಹಿಂದಿರುವ ವಿವೇಕ ಎಲ್ಲರಿಗೂ ಅನ್ವಯಿಸುತ್ತದೆ. ಮಕ್ಕಳ ಸಂಖ್ಯೆಯನ್ನು ಅರ್ಜಿಯಲ್ಲಿ ಸರಿಯಾಗಿಯೇ ಬರೆದಿದ್ದು, ಕಚೇರಿಯವರು ಅದನ್ನು ಓದದೆ ಹಣ ಕೊಟ್ಟಿದ್ದರೆ ತಪ್ಪಿನ ಹೊರೆ ಕಚೇರಿಯ ಮೇಲೆಯೇ ಹೆಚ್ಚು. ಬೇಕೆಂದೇ ಮರೆಮಾಚಿದ್ದರೆ ಕಥೆ ಬೇರೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಸಂಬಳದಲ್ಲಿ ಮುರಿದುಕೊಳ್ಳುವ ಮುನ್ನ

2019ರ ವೇತನ ಸಂಹಿತೆಯ 18ನೆಯ ಪ್ರಕರಣವು ಹೆಚ್ಚಾಗಿ ಸಂದಾಯವಾದ ವೇತನವನ್ನು ಸರಿಹೊಂದಿಸಿಕೊಳ್ಳಲು ಅವಕಾಶ ಕೊಟ್ಟಿದೆ. ಈ ಒಂದು ಸಾಲನ್ನು ಹಿಡಿದು ಕಡಿತಕ್ಕೆ ಕೈಹಾಕುವವರು ಮೂರು ಸಂಗತಿಗಳನ್ನು ಗಮನಿಸಬೇಕು. ಒಂದು, ಒಂದು ವೇತನ ಅವಧಿಯಲ್ಲಿ ಎಲ್ಲ ಕಡಿತಗಳೂ ಸೇರಿ ವೇತನದ ಶೇಕಡ 50ನ್ನು ಮೀರುವಂತಿಲ್ಲ. ಎರಡು, ಹೆರಿಗೆ ಭತ್ಯೆಯು ದುಡಿದ ದಿನಗಳ ‘ವೇತನ’ವೇ ಎಂಬ ಪ್ರಶ್ನೆ ವಿವಾದದಲ್ಲಿ ಏಳದಿರದು. ಮೂರು, ಕಡಿತವು ಅಕ್ರಮವೆಂದು ಪ್ರಾಧಿಕಾರವು ಕಂಡುಕೊಂಡರೆ ಆ ಹಣದ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ವಿಧಿಸುವ ಅಧಿಕಾರವನ್ನು ಸಂಹಿತೆಯ 45ನೆಯ ಪ್ರಕರಣ ನೀಡಿದೆ. ಇಪ್ಪತ್ತು ಸಾವಿರ ರೂಪಾಯಿ ಉಳಿಸಲು ಹೋಗಿ ಎರಡು ಲಕ್ಷದ ಹೊಣೆಯನ್ನು ತಲೆಯ ಮೇಲೆ ಎಳೆದುಕೊಳ್ಳುವುದು ಯಾವ ವ್ಯಾಪಾರಿಯೂ ಮಾಡಬಾರದ ಸಾಹಸ. ಇದಲ್ಲದೆ, ಹೆರಿಗೆ ರಜೆಯಲ್ಲಿರುವ ಮಹಿಳೆಯ ಸೇವಾ ಷರತ್ತುಗಳನ್ನು ಆಕೆಗೆ ಪ್ರತಿಕೂಲವಾಗಿ ಬದಲಿಸುವುದನ್ನು ಶಾಸನ ನಿಷೇಧಿಸಿದೆ. ರಜೆಯ ನಡುವೆಯೇ ವಸೂಲಿಗೆ ತೊಡಗುವುದು ಎಲ್ಲಕ್ಕಿಂತ ಕೆಟ್ಟ ಮಾರ್ಗ.

ಸರಿಯಾದ ಮಾರ್ಗ ಕಷ್ಟದ್ದೇನಲ್ಲ. ರಜೆಯ ದಿನಾಂಕಗಳು, ಮೂರು ತಿಂಗಳ ವೇತನ, ದುಡಿದ ದಿನಗಳು, ದಿನದ ಸರಾಸರಿ, ಸಲ್ಲಬೇಕಾದ ಮೊತ್ತ, ಸಂದಾಯವಾದ ಮೊತ್ತ, ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ವೇತನ ಪಟ್ಟಿಯ ಪ್ರತಿಯೊಡನೆ ನೌಕರೆಗೆ ಕೊಡಬೇಕು. ತಪ್ಪು ಹೇಗೆ ಆಯಿತೆಂಬುದನ್ನೂ ಬರೆಯಬೇಕು. ಲೆಕ್ಕ ಎರಡೂ ಕಡೆಯದಾಗಿರಬೇಕು: ಆಕೆಗೆ ಬರಬೇಕಾಗಿದ್ದು ಬಾರದ ಬಾಬುಗಳಿದ್ದರೆ ಅವನ್ನು ಮೊದಲು ಕಳೆಯಬೇಕು. ಹೆರಿಗೆಯ ಮುಂಚಿನ ಮತ್ತು ನಂತರದ ಆರೈಕೆಯನ್ನು ಮಾಲೀಕರು ಉಚಿತವಾಗಿ ಒದಗಿಸದಿದ್ದರೆ ಸಲ್ಲುವ 3,500 ರೂಪಾಯಿಗಳ ವೈದ್ಯಕೀಯ ಬೋನಸ್ಸನ್ನು ಮರೆತವರೇ ಹೆಚ್ಚು. ಕೇಳುವ ಮೊತ್ತವು ನೌಕರೆಯ ಕೈಗೆ ಬಂದ ಮೊತ್ತವೋ, ತೆರಿಗೆ ಮತ್ತು ಭವಿಷ್ಯನಿಧಿ ಕಡಿತಗಳಿಗೆ ಮುಂಚಿನ ಮೊತ್ತವೋ ಎಂಬುದನ್ನೂ ಸ್ಪಷ್ಟಪಡಿಸಬೇಕು. ಕೈಗೇ ಬಾರದ ಹಣವನ್ನು ಕೈಯಿಂದ ಕೊಡೆಂದು ಕೇಳುವುದು ಸರಿಯಲ್ಲ. ಉತ್ತರಕ್ಕೆ ಒಂದು ತಿಂಗಳಾದರೂ ಕಾಲಾವಕಾಶವಿರಲಿ. ತಪ್ಪನ್ನು ಆಕೆ ಒಪ್ಪಿದರೆ ಬಡ್ಡಿಯಿಲ್ಲದ ಸಣ್ಣ ಕಂತುಗಳನ್ನು ಲಿಖಿತ ಒಪ್ಪಿಗೆಯ ಮೇಲೆ ಗೊತ್ತುಪಡಿಸಬೇಕು. ಶೇಕಡ 50 ಎಂಬುದು ಕಾನೂನಿನ ಗರಿಷ್ಠ ಮಿತಿಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ. ಆಕೆ ಕೆಲಸ ಬಿಡುವುದಾದರೆ ಎರಡು ಕೆಲಸದ ದಿನಗಳೊಳಗೆ ವೇತನವನ್ನು ಚುಕ್ತಾ ಮಾಡಬೇಕೆಂಬುದು ವೇತನ ಸಂಹಿತೆಯ ವಿಧಿ. ವಿವಾದವನ್ನು ಮುಂದಿಟ್ಟು ಸೇವಾ ಪ್ರಮಾಣಪತ್ರವನ್ನು ತಡೆಹಿಡಿಯುವುದು ಒತ್ತಡ ತಂತ್ರವೇ ಹೊರತು ವಸೂಲಿಯ ಕ್ರಮವಲ್ಲ.

ಪತ್ರ ಪಡೆದವರ ಕರ್ತವ್ಯ

ಇಂತಹ ಪತ್ರ ಪಡೆದ ನೌಕರೆಗೂ ಕೆಲವು ಕರ್ತವ್ಯಗಳಿವೆ. ಹೆದರಿ ಸಹಿ ಹಾಕುವುದೂ ತಪ್ಪು, ಪತ್ರವನ್ನು ಮೂಲೆಗೆಸೆಯುವುದೂ ತಪ್ಪು. ಲೆಕ್ಕದ ವಿವರವನ್ನು ಬರವಣಿಗೆಯಲ್ಲಿ ಕೇಳಬೇಕು; ವಿವರ ಬರುವವರೆಗೆ ಕಡಿತಕ್ಕೆ ಒಪ್ಪಿಗೆಯಿಲ್ಲವೆಂದು ತಿಳಿಸಬೇಕು; ರಜೆಯ ಅರ್ಜಿ, ಸಂಬಳ ಚೀಟಿ, ಬ್ಯಾಂಕ್ ಪಾಸ್ ಪುಸ್ತಕಗಳನ್ನು ಜೋಪಾನವಾಗಿಡಬೇಕು. ಇ.ಎಸ್.ಐ. ಹಣ ಎರಡನೆಯ ಬಾರಿ ಬಂದದ್ದು ನಿಜವಾದರೆ ಅದನ್ನು ಪ್ರಾಮಾಣಿಕವಾಗಿ ಒಪ್ಪಿ ಕಂತು ಕೇಳುವುದೇ ಮರ್ಯಾದೆ. ಒಪ್ಪಂದವಾಗದಿದ್ದಲ್ಲಿ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದಲ್ಲಿ ವಿಚಾರಿಸಬಹುದು. ಈ ಮಾಹಿತಿಯನ್ನು ಮಾಲೀಕರೇ ತಮ್ಮ ಪತ್ರದ ಕೊನೆಯಲ್ಲಿ ಸೇರಿಸಿದರೆ ಅವರ ಗೌರವ ಹೆಚ್ಚುತ್ತದೆಯೇ ಹೊರತು ಕಡಮೆಯಾಗುವುದಿಲ್ಲ.

ಉದ್ಯಮಿಯ ಹೊರೆ, ಸರ್ಕಾರದ ಹೊಣೆ

ಇಷ್ಟು ಹೇಳಿದ ಮೇಲೆ ಸಣ್ಣ ಉದ್ಯಮಿಯ ಕಷ್ಟವನ್ನು ಮರೆಯುವುದು ನ್ಯಾಯವಲ್ಲ. ಹದಿನೈದು ಜನರು ದುಡಿಯುವ ಘಟಕದಲ್ಲಿ ಒಬ್ಬರಿಗೆ ಇಪ್ಪತ್ತಾರು ವಾರಗಳ ಭತ್ಯೆ ಕೊಟ್ಟು, ಆ ಸ್ಥಾನದಲ್ಲಿ ಇನ್ನೊಬ್ಬರನ್ನು ನೇಮಿಸಿ ಅವರಿಗೂ ಸಂಬಳ ಕೊಡುವುದು ದುಡಿಯುವ ಬಂಡವಾಳದ ಮೇಲೆ ಬೀಳುವ ನೇರ ಹೊಡೆತ. ಅನೇಕ ವಸೂಲಿ ಪತ್ರಗಳ ಹಿಂದಿರುವುದು ದುರಾಸೆಯಲ್ಲ, ಈ ಬಿಗಿತ. 2000ದ ಇಸವಿಯ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 183ನೆಯ ಒಡಂಬಡಿಕೆಯು ಹೆರಿಗೆ ಭತ್ಯೆಯನ್ನು ಸಾಮಾಜಿಕ ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಕೊಡಬೇಕೆಂದೂ, ಒಬ್ಬೊಬ್ಬ ಮಾಲೀಕನ ತಲೆಯ ಮೇಲೆ ಅದರ ನೇರ ವೆಚ್ಚವನ್ನು ಸಾಮಾನ್ಯವಾಗಿ ಹೊರಿಸಬಾರದೆಂದೂ ಹೇಳುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. 15,000 ರೂಪಾಯಿವರೆಗಿನ ವೇತನದ ಮಹಿಳೆಯರ ವಿಷಯದಲ್ಲಿ ಏಳು ವಾರಗಳ ಭತ್ಯೆಯನ್ನು ಮಾಲೀಕರಿಗೆ ತುಂಬಿಕೊಡುವ ಪ್ರಸ್ತಾವವು 2018ರಲ್ಲಿ ಕೇಂದ್ರದ ಕಾರ್ಮಿಕ ಸಚಿವಾಲಯದ ಮುಂದಿತ್ತು. ಅಂತಹ ನೆರವನ್ನು ಇ.ಎಸ್.ಐ. ವ್ಯಾಪ್ತಿಯ ಹೊರಗಿರುವ ಸಣ್ಣ ಘಟಕಗಳಿಗೆ ವಿಸ್ತರಿಸಬೇಕೆಂದು ವಾಣಿಜ್ಯ ಸಂಸ್ಥೆಗಳು ಒಗ್ಗಟ್ಟಿನಿಂದ ಒತ್ತಾಯಿಸಬೇಕಾಗಿದೆ. ಹೊರೆಯನ್ನು ಹಂಚಿಕೊಳ್ಳೆಂದು ಕೇಳಬೇಕಾದದ್ದು ಸರ್ಕಾರವನ್ನು, ಹಸುಗೂಸಿನ ತಾಯಿಯನ್ನಲ್ಲ.

‘ಇಷ್ಟೆಲ್ಲ ತೊಡಕಿಗಿಂತ ಮಹಿಳೆಯರನ್ನು ತೆಗೆದುಕೊಳ್ಳದಿರುವುದೇ ಲೇಸು’ ಎಂಬ ಮಾತನ್ನು ಕೆಲವರು ಆಡುವುದುಂಟು. ಲಿಂಗದ ಆಧಾರದ ಮೇಲೆ ನೇಮಕಾತಿಯಲ್ಲಿ ತಾರತಮ್ಯ ಮಾಡುವುದು ವೇತನ ಸಂಹಿತೆಯ 3ನೆಯ ಪ್ರಕರಣಕ್ಕೆ ವಿರುದ್ಧ. ಶಾಸನದ ಮಾತು ಹಾಗಿರಲಿ; ಬೆಂಗಳೂರಿನ ಸಿದ್ಧ ಉಡುಪು ಉದ್ಯಮವಾಗಲಿ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಾಗಲಿ ಮಹಿಳೆಯರ ದುಡಿಮೆಯಿಲ್ಲದೆ ಒಂದು ವಾರ ನಡೆಯಲಾರವು. ನುರಿತ ಕೈಯೊಂದನ್ನು ಉಳಿಸಿಕೊಳ್ಳುವುದು ಹೊಸಬರನ್ನು ಪಳಗಿಸುವುದಕ್ಕಿಂತ ಅಗ್ಗವೆಂಬುದು ಕಾರ್ಖಾನೆ ನಡೆಸುವ ಎಲ್ಲರ ಅನುಭವ.

ತಪ್ಪು ಪಾವತಿಯನ್ನು ತಡೆಯಬೇಕಾದ ಜಾಗ ವಸೂಲಿ ಪತ್ರವಲ್ಲ, ರಜೆಯ ಅರ್ಜಿ ಬಂದ ದಿನದ ಮೇಜು. ಮಕ್ಕಳ ಸಂಖ್ಯೆ, ಇ.ಎಸ್.ಐ. ವ್ಯಾಪ್ತಿ, ದುಡಿದ ದಿನಗಳು ಮತ್ತು ಸರಾಸರಿ ವೇತನ, ಈ ನಾಲ್ಕನ್ನು ಅಂದೇ ಪರಿಶೀಲಿಸಿ, ಲೆಕ್ಕದ ಪ್ರತಿಯೊಂದನ್ನು ನೌಕರೆಯ ಕೈಗೆ ಕೊಟ್ಟು ಸಹಿ ಪಡೆದರೆ ಹೆಚ್ಚೂ ಆಗುವುದಿಲ್ಲ, ಕಡಮೆಯೂ ಆಗುವುದಿಲ್ಲ. ಆ ಅರ್ಧ ಗಂಟೆಯ ಶ್ರಮವನ್ನು ಉಳಿಸಿದ ಕಚೇರಿಯು ಮುಂದೆ ಅದರ ಬೆಲೆಯನ್ನು ತಾನೇ ತೆರಬೇಕು. ತೊಟ್ಟಿಲು ತೂಗುವ ಕೈಯಿಂದ ತೆರಿಸಬಾರದು.